ಚಂದವ್ವನ ಮೇಲೆ ನನ್ನ ಹೆಸರಿನ ಕೇಸು

ತಾಳಿಕೋಟೆ
ಆಗಸ್ಟ್ ೨೦೦೪

ವಕೀಲರಾದ ಬಸಂತರಾಯರಿಗೆ ರೇಣುಕಾಳ ನಮಸ್ಕಾರ.

ಕೈಯಿಂದ ನಡೆಸುವ ನನ್ನ ಮೂರು ಗಾಲಿಯ ಸೈಕಲ್ಲು ಒಳಗೆ ಹೋಗುವುದಿಲ್ಲವೆಂದು ನಾನು ದೂರು ಕೊಟ್ಟದ್ದು ಹೊಸ ಟಾಕೀಸಿನ ಮೇಲೆ ಮಾತ್ರ. ನೀವು ಮಾಲೀಕರೊಡನೆ ರಾಜಿಯಾದಿರಿ. ಗಾಲಿ ಹತ್ತುವ ಇಳಿಜಾರನ್ನು ಅವರು ಇಂದಿಗೂ ಕಟ್ಟಿಲ್ಲ. ಮೇಲಾಗಿ ನನ್ನನ್ನು ಕೇಳದೆ, ನನ್ನ ಹೆಸರಿನಲ್ಲಿ ಪೇಟೆಯ ಸಣ್ಣ ಅಂಗಡಿಯವರಿಗೆಲ್ಲ ಅದೇ ದೂರಿನ ನೋಟಿಸು ಕಳಿಸಿ ರೊಕ್ಕ ಕೀಳುತ್ತಿದ್ದೀರಿ.

ಚಹಾದಂಗಡಿಯ ಚಂದವ್ವನಿಗೂ ಒಂದು ನೋಟಿಸು ಬಂದಿದೆ. ದಿನಾಲೂ ನನ್ನ ಸೈಕಲ್ಲಿನ ಹತ್ತಿರಕ್ಕೇ ಚಹಾ ತಂದುಕೊಡುವವಳು ನಿನ್ನೆ ಬರಿಗೈಯಲ್ಲಿ ಬಂದು ನಿಂತಳು.

“ನಾ ನಿನಗೇನ್ ಮಾಡೇನವ್ವಾ? ನನ್ನ ಮ್ಯಾಲ ಯಾಕ ಕೇಸ್ ಹಾಕಿದಿ?”

“ನಾ ಹಾಕಿಲ್ಲ ಯಕ್ಕಾ,” ಎಂದೆ. ಅವಳು ನೋಟಿಸಿನಲ್ಲಿದ್ದ ನನ್ನ ಹೆಸರು ತೋರಿಸಿದಳು. ಕಾಲಿಲ್ಲವೆಂದು ಎಂದೂ ತಲೆ ತಗ್ಗಿಸದ ನಾನು ನಿನ್ನೆ ತಗ್ಗಿಸಿದೆ. ನಡೆದದ್ದೆಲ್ಲ ಹೇಳಿದ ಮೇಲೆ ಅವಳು ನಂಬಿದಳು.

ನೋಟಿಸುಗಳನ್ನೆಲ್ಲ ಈ ವಾರವೇ ಹಿಂತೆಗೆದುಕೊಳ್ಳಿ, ಕಿತ್ತದ್ದನ್ನು ತಿರುಗಿ ಕೊಡಿ. ಟಾಕೀಸಿನ ರಾಜಿಗೆ ನನ್ನ ಒಪ್ಪಿಗೆಯಿಲ್ಲವೆಂದು ಜಡ್ಜರ ಮುಂದೆ ನಾನೇ ಹೇಳುತ್ತೇನೆ. ಕೋರ್ಟಿನ ಅಷ್ಟು ಮೆಟ್ಟಿಲು ಹೇಗೆ ಹತ್ತುತ್ತಾಳೆಂದು ನೀವು ನಗಬಹುದು. ಚಂದವ್ವನಿಗೂ ಅದನ್ನೇ ಕೇಳಿದೆ.

“ನಾ ಎತ್ಕೊಂಡ್ ಹೋಗ್ತೇನಿ, ನಡಿ,” ಎಂದಳು.

ಇನ್ನು ನಿಮ್ಮ ಕಕ್ಷಿದಾರಳಲ್ಲದ,
ರೇಣುಕಾ