ಅಜ್ಜಿ ಕುಡಿಯದ ನೀರು

ಅಕ್ಕಾ,

ನೀನು ಏಳುವ ಮೊದಲೇ ಆಸ್ಪತ್ರೆಗೆ ಹೊರಟಿದ್ದೇನೆ. ಹಾಲು ಕಾಯಿಸಿಟ್ಟಿದ್ದೇನೆ. ಮೊದಲು ಅಪ್ಪನಿಗೆ ಫೋನ್ ಮಾಡು. ನಾನು ಡಾಕ್ಟರ ಜೊತೆ ಮಾತಾಡುವವರೆಗೆ ಡಯಾಲಿಸಿಸ್ ಕಾಗದಕ್ಕೆ ಸಹಿ ಹಾಕುವುದು ಬೇಡ ಅನ್ನು.

ಅಷ್ಟು ನೀರು ಕುಡಿದರೂ ಅಜ್ಜಿಯ ಕಿಡ್ನಿ ಯಾಕೆ ಸೋಲುತ್ತಿದೆ ಎಂದು ಡಾಕ್ಟರು ತಲೆ ಕೆಡಿಸಿಕೊಂಡಿದ್ದಾರೆ. ಅವಳು ಕುಡಿದೇ ಇಲ್ಲ ಕಣೆ. ಜಗ್ಗು ಖಾಲಿಯಾದಾಗಲೆಲ್ಲ ಅಜ್ಜಿ ಕುಡಿದಳೆಂದು ನೀನು ಚಾರ್ಟಿನಲ್ಲಿ ಬರೆದುಕೊಂಡೆ. ಸಿಂಕಿಗೆ ಸುರಿದವಳು ನಾನು. “ಗಳಿಗೆಗೊಮ್ಮೆ ಆ ನರ್ಸನ್ನ ಕರೆದು ಬೆಡ್‌ಪ್ಯಾನ್ ಕೊಡಮ್ಮ ಅಂತ ಹೇಗೆ ಕೇಳಲೇ? ಚೆಲ್ಲಿಬಿಡು ಪುಟ್ಟಿ, ಏಳು ಕೆರೆ ಕುಡಿದ ರಾಕ್ಷಸನ ಕಥೆ ಹೇಳ್ತೀನಿ” ಅಂದಳು. ನಾನು ಬಾಯಿಬಿಟ್ಟುಕೊಂಡು ಕೇಳುತ್ತಾ ಕೂತೆ.

ನನ್ನನ್ನು ಆಮೇಲೆ ಎಷ್ಟಾದರೂ ಬೈಯುವಿಯಂತೆ, ಹತ್ತರೊಳಗೆ ಬಂದುಬಿಡು. ಡಾಕ್ಟರಿಗೆ ನಾನೇ ಹೇಳುತ್ತೇನೆ. ನೀನು ಅಜ್ಜಿಯ ಕೈ ಹಿಡಿದುಕೊಂಡಿರು, ಅವಳಿಗೆ ತುಂಬಾ ನಾಚಿಕೆಯಾಗುತ್ತದೆ.