ಕೆಂಪಿಯ ಮೀಟರು ಹೇಳಿದ್ದು

ಮನೆಯಿಂದ,
ಮಾರ್ಚ್ ಹನ್ನೊಂದು, ಮಂಗಳವಾರ

ಪ್ರೀತಿಯ ಅಣ್ಣಾ,

ಹೇಗಿದ್ದೀಯಾ? ಮಣಿಕಟ್ಟಿನ ನೋವು ಕಡಿಮೆಯಾಯಿತೇ? ಹಡಗಿನ ಡಾಕ್ಟರು ಪಟ್ಟಿ ಬಿಚ್ಚಿದರೋ ಇಲ್ಲವೋ ನೀನು ಬರೆದೇ ಇಲ್ಲ. ಇಂಜಿನ್ ರೂಮಿನ ಸೆಕೆಯಲ್ಲಿ ಊಟ ಸೇರುವುದಿಲ್ಲ ಎಂದಿದ್ದೆ. ಸೇರದಿದ್ದರೂ ಎರಡು ತುತ್ತು ತಿನ್ನು. ಅಮ್ಮನ ಮಂಡಿ ಪರವಾಗಿಲ್ಲ. ಆಸ್ಪತ್ರೆಯ ಲಾಂಡ್ರಿಯಲ್ಲಿ ಈಗ ಅವಳಿಗೆ ಕೂತು ಬಟ್ಟೆ ಮಡಚುವ ಕೆಲಸ ಕೊಟ್ಟಿದ್ದಾರೆ. ನಮ್ಮ ಬೈಂಡಿಂಗ್ ಅಂಗಡಿಯಲ್ಲಿ ಶಾಲೆ ಪುಸ್ತಕಗಳ ರಾಶಿ ಬಿದ್ದಿದೆ, ಬೆರಳಿನ ಗೋಂದು ಊಟದ ಹೊತ್ತಿಗೂ ಬಿಡುವುದಿಲ್ಲ. ದಿನಕ್ಕೆ ನೂರು ಪುಸ್ತಕ ಹೊಲಿಯುವವಳಿಗೆ ಈ ಒಂದು ಪತ್ರ ಬರೆಯಲು ಎರಡು ದಿನ ಹಿಡಿಯಿತು.

ಸುದ್ದಿ ಅಂದರೆ ನಿನ್ನ ಬೈಕು ಕೆಂಪಿಯದು. ಈ ಕೈಯಲ್ಲಿ ಇನ್ನು ಆಕ್ಸಿಲರೇಟರ್ ತಿರುಗುವುದಿಲ್ಲ, ಅಕ್ಕರೆ ಇರುವವರಿಗೆ ಮಾರಿಬಿಡಿ ಎಂದು ಬರೆದಿದ್ದೆಯಲ್ಲ, ನೀನೇ ಪತ್ರ ಬರೆದು ಗೊತ್ತುಮಾಡಿದ್ದ ಗಡಿಯಾರ ರಿಪೇರಿಯವರು ಅದನ್ನು ಕೊಳ್ಳಲು ನೋಡುವುದಕ್ಕೆ ಭಾನುವಾರ ಬಂದಿದ್ದರು. ಹನ್ನೊಂದಕ್ಕೆ ಬರುತ್ತೇವೆ ಎಂದವರು ಒಂಬತ್ತೂವರೆಗೇ ಬಂದರು. "ಗಡಿಯಾರದೋರಿಗೇ ಟೈಮಿನ ಗೊತ್ತುಗುರಿ ಇಲ್ವಲ್ಲೇ" ಎಂದು ಅಮ್ಮ ನನ್ನ ಕಿವಿಯಲ್ಲಿ ಹೇಳಿ ನಕ್ಕಳು. ನನಗೆ ನಗು ಬರಲಿಲ್ಲ. ಕೆಂಪಿಯನ್ನು ತಂದು ಶೆಡ್ಡಿನಲ್ಲಿ ನಿಲ್ಲಿಸಿ ಆಗ ಕಾಲು ಗಂಟೆಯೂ ಆಗಿರಲಿಲ್ಲ.

ಹೌದು ಅಣ್ಣಾ. ಈ ನಾಲ್ಕು ವರ್ಷ ನಾನು ಅದನ್ನು ಬರೀ ಒರೆಸಿಡುತ್ತಿರಲಿಲ್ಲ, ಓಡಿಸುತ್ತಿದ್ದೆ. ವಾರಕ್ಕೊಮ್ಮೆ ಸ್ಟಾರ್ಟ್ ಮಾಡು, ಇಲ್ಲದಿದ್ದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ ಎಂದು ನೀನೇ ಗುಟ್ಟಾಗಿ ಹೇಳಿ ಹೋಗಿದ್ದೆ. ಮೊದಮೊದಲು ಸ್ಟ್ಯಾಂಡ್ ಮೇಲೆಯೇ ಸ್ಟಾರ್ಟ್ ಮಾಡುತ್ತಿದ್ದೆ. ಒಂದು ಭಾನುವಾರ ಸ್ಟ್ಯಾಂಡ್ ತೆಗೆದೆ. ಅಲ್ಲಿಂದ ಮುಂದೆ ಪ್ರತಿ ಭಾನುವಾರ, ಅಮ್ಮ ಬೆಳಗಿನ ಪಾಳಿಗೆ ಹೋದ ಮೇಲೆ, ನಾವು ಬಾಡಿಗೆಗೆ ಹಿಡಿದಿರುವ ಬಡಗಿಯವರ ಶೆಡ್ಡಿನಿಂದ ಗೋದಾಮುಗಳ ರಸ್ತೆಗೆ ತಳ್ಳಿಕೊಂಡು ಹೋಗಿ, ಅಲ್ಲಿಂದ ನೀರಿನ ಟ್ಯಾಂಕಿನವರೆಗೆ ಹೋಗಿ ಬರುತ್ತಿದ್ದೆ. ಒಟ್ಟು ಒಂಬತ್ತು ಕಿಲೋಮೀಟರ್. ಲೈಸೆನ್ಸ್ ಕೂಡ ಮಾಡಿಸಿ ಅಂಗಡಿಯಲ್ಲಿ ಗೋಂದಿನ ಡಬ್ಬಿಗಳ ಹಿಂದೆ ಇಟ್ಟಿದ್ದೇನೆ. ಅಮ್ಮನಿಗೆ ಹೇಗೆ ಹೇಳಲಿ? ನೀನು ಬಿದ್ದು ಹೆಗಲ ಮೂಳೆ ಮುರಿದುಕೊಂಡ ದಿನ ಅವಳು ಹೇಳಿದ್ದು ನಿನಗೂ ನೆನಪಿರಬೇಕು, "ಇನ್ಮೇಲೆ ಅದರ ಚಕ್ರ ರಸ್ತೆ ಮುಟ್ಟಿದ್ರೆ ನನ್ನಾಣೆ." ಈ ಭಾನುವಾರ ಅವಳಿಗೆ ರಜ. ಬಂದವರಿಗೆ ಬಿಸ್ಕತ್ತು ತರಲು ಪೇಟೆಗೆ ಹೋಗಿದ್ದಳು. ಇದೇ ಕೊನೆಯ ಸಲ ಎಂದುಕೊಂಡು ನಾನು ಹೋಗಿಬಂದೆ.

ಗಡಿಯಾರದವರ ಜೊತೆ ಒಬ್ಬ ಮೆಕ್ಯಾನಿಕ್ ಇದ್ದ. ಗಿಡ್ಡ, ದಪ್ಪ, ಎಲ್ಲರೂ ಅವನನ್ನು ಬೋಲ್ಟು ಎಂದೇ ಕರೆಯುತ್ತಾರಂತೆ. ಶೆಡ್ಡಿನ ಬಾಗಿಲು ತೆಗೆದ ಕೂಡಲೇ ಇಬ್ಬರೂ ಕೆಂಪಿಯ ಸುತ್ತ ಒಂದು ಸುತ್ತು ಬಂದರು. ಟ್ಯಾಂಕಿನ ಹಳೇ ಕೆಂಪು ಬಣ್ಣ, ತಗ್ಗಿದ ಹ್ಯಾಂಡಲ್, ಎರಡು ಕಡೆಯ ಸೈಲೆನ್ಸರ್, ಎಲ್ಲೂ ಒಂದು ಚುಕ್ಕೆ ತುಕ್ಕಿಲ್ಲ. ನನಗಿಂತ ಹತ್ತು ವರ್ಷ ದೊಡ್ಡ ಗಾಡಿ, ನನ್ನ ತಂಗಿಯ ಹಾಗೆ ಕಾಣುತ್ತಿತ್ತು. "ಮದುವೆ ಹೆಣ್ಣಿನ ಥರ ಇಟ್ಟಿದ್ದೀರಲ್ಲಮ್ಮಾ" ಎಂದ ಬೋಲ್ಟು. ಅಮ್ಮ ಹಿಗ್ಗಿ, "ನನ್ನ ಮಗ ಹೋದಾಗ ಹೇಗಿಟ್ಟನೋ ಹಾಗೇ ಇದೆ. ನಾಲ್ಕು ವರ್ಷ ಯಾರೂ ಸ್ಟಾರ್ಟೂ ಮಾಡಿಲ್ಲ" ಅಂದಳು. ಅದೇ ಹೊತ್ತಿಗೆ ಬೋಲ್ಟು ಇಂಜಿನ್ನಿನ ಮೇಲೆ ಕೈ ಇಟ್ಟ. ಚುರುಕ್ಕೆಂದಿರಬೇಕು, ಹಿಂದಕ್ಕೆ ಎಳೆದುಕೊಂಡ. "ಬಿಸಿ ಇದೆಯಲ್ಲಾ ಸಾರ್!"

ಗಡಿಯಾರದವರು ಜೇಬಿನಿಂದ ನೀನು ಬರೆದಿದ್ದ ಪತ್ರ ತೆಗೆದರು. ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ ತೆಗೆದು ಮೀಟರಿನ ಮೇಲೆ ಬಗ್ಗಿದರು. ಆಮೇಲೆ ನಿನ್ನ ಪತ್ರವನ್ನು ಗಟ್ಟಿಯಾಗಿ ಓದಿದರು. ಗಾಡಿ ಇಪ್ಪತ್ತೊಂದು ಸಾವಿರದ ನಾನೂರ ಆರು ಕಿಲೋಮೀಟರ್ ಓಡಿದೆ, ಆಮೇಲೆ ಚಕ್ರ ಉರುಳಿಲ್ಲ, ಇದು ನನ್ನ ಮಾತು ಎಂದು ಬರೆದಿದ್ದೆಯಲ್ಲ, ಅದು. "ಇಲ್ಲಿ ಇಪ್ಪತ್ಮೂರು ಸಾವಿರದ ನೂರ ಹದಿನೆಂಟು ಇದೆ" ಅಂದರು. ಅಣ್ಣಾ, ನಾಲ್ಕು ವರ್ಷ ನಾನು ಟೈರಿನ ಸಂದಿಯ ಮಣ್ಣನ್ನು ಕಡ್ಡಿಯಲ್ಲಿ ತೆಗೆದೆ, ಸೈಲೆನ್ಸರಿನ ಮಸಿ ಒರೆಸಿದೆ. ಈ ಮೀಟರನ್ನು ಒಂದು ದಿನವೂ ಯೋಚಿಸಲಿಲ್ಲ. ಅದರ ಗಾಜನ್ನೂ ನಾನೇ ಉಜ್ಜಿ ಹೊಳೆಯುವಂತೆ ಮಾಡಿದ್ದೆ.

"ಸುಳ್ಳು ಬರೆಯೋರ ಗಾಡಿ ಎಷ್ಟು ಚೆನ್ನಾಗಿದ್ರೂ ನನಗೆ ಬೇಡ" ಎಂದು ಅವರು ಪತ್ರ ಮಡಚಿದರು. ಅಮ್ಮನ ಮುಖ ಕೆಂಪಾಯಿತು. "ನನ್ನ ಮಗ ಸುಳ್ಳು ಬರೆಯೋನಲ್ಲ! ಈ ಶೆಡ್ಡಿನ ಇನ್ನೊಂದು ಬೀಗದ ಕೈ ಬಡಗಿ ಹತ್ರ ಇದೆ. ಬಾಡಿಗೆಗೆ ಕೊಟ್ಟ ಜಾಗದಲ್ಲಿ ಕಳ್ಳತನ ಮಾಡ್ತಾನಾ? ಇರಿ, ಈಗಲೇ ಕರ್ಕೊಂಡು ಬರ್ತೀನಿ" ಎಂದು ಸೆರಗು ಸಿಕ್ಕಿಸಿಕೊಂಡು ಹೊರಟೇಬಿಟ್ಟಳು. ಪಾಪ, ಬಡಗಿಯವರು ಕೆಂಪಿಯ ಮೇಲೆ ಹೊಟ್ಟು ಬೀಳಬಾರದೆಂದು ಬಾಗಿಲಿಗೆ ಗೋಣಿ ಕಟ್ಟಿಕೊಟ್ಟವರು. ಅಂಗಡಿಗೆ ಬಂದ ಗಿರಾಕಿಗೆ ಬೆಲೆ ಹೇಳುವುದಕ್ಕೂ ತಲೆ ತಗ್ಗಿಸುವವಳು ನಾನು, ಅದಕ್ಕೇ ಅಲ್ಲವೇ ನೀನು ಗುಸುಗುಸು ಎಂದು ಹೆಸರಿಟ್ಟದ್ದು. ಅಮ್ಮ ಗೇಟಿನ ಹತ್ತಿರ ಹೋಗಿದ್ದಳು. "ನಾನು" ಅಂದೆ. ಯಾರಿಗೂ ಕೇಳಿಸಲಿಲ್ಲ. ಇನ್ನೊಂದು ಸಲ ಕೂಗಿಯೇ ಹೇಳಿದೆ, "ನಾನಮ್ಮಾ ಓಡಿಸಿದ್ದು! ಅಣ್ಣನಿಗೂ ಗೊತ್ತಿಲ್ಲ!"

ಬೋಲ್ಟು ನಕ್ಕ. "ಏನ್ ತಂಗೀ, ನಿನ್ನ ಕಾಲು ನೆಲ ಮುಟ್ಟುತ್ತಾ?" ಗಡಿಯಾರದವರು ನಗಲಿಲ್ಲ. ನಾನು ಅಣ್ಣನನ್ನು ಉಳಿಸಲು ಹೇಳುತ್ತಿದ್ದೇನೆ ಎಂದುಕೊಂಡಿರಬೇಕು. "ಹಾಗಾದ್ರೆ ಹೇಳಮ್ಮಾ, ಹೇಗೆ ಓಡುತ್ತೆ ಇದು?" ಎಂದು ಕೇಳಿದರು. ಹೇಳಿದೆ ಅಣ್ಣಾ. ತಣ್ಣಗಿದ್ದಾಗ ಎಡಗಡೆಯ ಸಿಲಿಂಡರ್ ಒಂದು ಉಸಿರು ತಡವಾಗಿ ಏಳುತ್ತದೆ, ಚೋಕ್ ಅರ್ಧ ಎಳೆದರೆ ಸಾಕು, ಪೂರ್ತಿ ಎಳೆದರೆ ಪೆಟ್ರೋಲ್ ಉಕ್ಕುತ್ತದೆ, ಮೂರನೇ ಗೇರಿನಲ್ಲಿ ಮೊದಲು ಮುನಿಸಿಕೊಂಡ ಹಾಗಿದ್ದು ಆಮೇಲೆ ಒಮ್ಮೆಲೇ ಹಾರುತ್ತದೆ, ಆಗ ಮಂಡಿಯಿಂದ ಟ್ಯಾಂಕನ್ನು ಅವುಚಿ ಹಿಡಿಯಬೇಕು. ವರ್ಷವಿಡೀ ಆಡದ ಮಾತನ್ನು ನಿಂತ ನಿಲುವಿನಲ್ಲಿ ಆಡಿಬಿಟ್ಟೆ. "ಓಡಿಸಿ ತೋರಿಸು" ಅಂದರು. ಅಮ್ಮನ ಕಡೆ ನೋಡಿದೆ. ಅವಳು ಬೇಡ ಅನ್ನಲಿಲ್ಲ, ಹೂಂ ಅನ್ನಲಿಲ್ಲ, ಗೇಟು ಹಿಡಿದುಕೊಂಡು ನಿಂತಿದ್ದಳು. ಒಂದೇ ಕಿಕ್ಕಿಗೆ ಕೆಂಪಿ ಎದ್ದಳು. ಗೋದಾಮಿನ ಕೊನೆಯವರೆಗೆ ಹೋಗಿ ತಿರುಗಿಸಿಕೊಂಡು ಬಂದೆ.

ಗಡಿಯಾರದವರು ನಿನ್ನ ಪತ್ರಕ್ಕೆ ಕ್ಷಮೆ ಕೇಳುವ ಹಾಗೆ ಅದನ್ನು ಎರಡು ಸಲ ಸವರಿ ಜೇಬಿಗೆ ಇಟ್ಟರು. "ನಿಂತಲ್ಲೇ ನಿಂತ ಗಾಡಿ ಅಂದುಕೊಂಡು ಬಂದೆ. ಇದು ಜೀವಂತ ಇರೋ ಗಾಡಿ. ಖಂಡಿತ ತಗೋತೀನಿ" ಅಂದರು. ನಾನು ನಿಜ ಹೇಳಿದ್ದರಿಂದಲೇ ಅವರಿಗೆ ಅದು ಇನ್ನೂ ಇಷ್ಟವಾಯಿತು. ನಿನ್ನ ಸಹಿ ಬರುವವರೆಗೆ ಗಾಡಿ ನಿಮ್ಮದೇ, ಮುಂಗಡ ಏನೂ ಬೇಡ, ಸಹಿ ಬಂದ ದಿನ ವ್ಯಾನ್ ತರುತ್ತೇನೆ ಎಂದು ವರ್ಗಾವಣೆಯ ಫಾರಂ ಕೊಟ್ಟು ಹೋದರು. ಅದನ್ನು ಇದರ ಜೊತೆಗೇ ಇಟ್ಟಿದ್ದೇನೆ.

ಅಂದಿನಿಂದ ಅಮ್ಮ ನನ್ನ ಜೊತೆ ಮಾತಾಡಿಲ್ಲ. ತಟ್ಟೆ ಇಡುತ್ತಾಳೆ, ಹೋಗುತ್ತಾಳೆ. ನಿನ್ನೆ ಬಡಗಿಯವರ ಮನೆಗೆ ಹೋಗಿ ಬಹಳ ಹೊತ್ತು ಕೂತು ಬಂದಳು, ನನ್ನ ವಿಷಯವೇ ಇರಬೇಕು. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸುತ್ತದೆ. ನೀನೂ ಬೈಯುವುದಿದ್ದರೆ ಪೂರ್ತಿ ಬೈದು ಬರೆ, ಅರ್ಧಕ್ಕೆ ಬಿಡಬೇಡ. ಕೈ ಜೋಪಾನ. ಡೆಕ್ಕಿನ ಗಾಳಿಯಲ್ಲಿ ತಲೆ ಒದ್ದೆ ಮಾಡಿಕೊಂಡು ನಿಲ್ಲಬೇಡ. ನಿನಗೆ ಒಳ್ಳೆಯದಾಗಲಿ ಎಂದು ಅಮ್ಮ ಬಾಯಿಬಿಟ್ಟು ಹೇಳದಿದ್ದರೂ ಅವಳ ಪರವಾಗಿ ನಾನೇ ಬರೆಯುತ್ತಿದ್ದೇನೆ.

ನಿನ್ನ ತಂಗಿ,
ಗುಸುಗುಸು

ಮರೆತಿದ್ದು: ಲಕೋಟೆ ಅಂಟಿಸುತ್ತಿದ್ದೆ. ಟಪಾಲಿಗೆ ಹಾಕಿಬರಲು ಚಪ್ಪಲಿ ಮೆಟ್ಟಿ ನಿಂತಿದ್ದ ಅಮ್ಮ ಎರಡು ದಿನದಲ್ಲಿ ಮೊದಲ ಮಾತು ಆಡಿದಳು. "ಕೇಳ್ಬೇಕಾದ್ದನ್ನ ಕೇಳಿದ್ಯಾ, ಇಲ್ಲಾ ಅಲ್ಲೂ ಬಾಯಿ ಮುಚ್ಕೊಂಡು ಕೂತ್ಯಾ?" ಅಂದಳು. ಅದಕ್ಕೇ ಮತ್ತೆ ಬಿಚ್ಚಿದೆ. ಅಣ್ಣಾ, ಪಿಸ್ಟನ್ನಿಗಾಗಿ ಓಡಿಸಿದ್ದು ಮೊದಲಿನ ಕೆಲವು ವಾರ ಅಷ್ಟೇ. ಆಮೇಲಿನದೆಲ್ಲ ನನಗಾಗಿ. ಫಾರಮ್ಮಿಗೆ ಸಹಿ ಹಾಕಬೇಡ.