ಭಾವನ ಹೊಟ್ಟೆಯೊಳಗೆ ಕೋಟೆ ಬಾಗಿಲು

ತಂಗೀ, ನಾವಿಬ್ಬರೂ ಕ್ಷೇಮ. ಫೋಟೊದಲ್ಲಿ ಮಾತ್ರ ನಿನ್ನ ಭಾವ ಅಷ್ಟು ಕ್ಷೇಮವಾಗಿ ಕಾಣುತ್ತಿಲ್ಲ.

ಇಬ್ಬರೂ ಜೊತೆಗೆ ನಿಂತ ಫೋಟೊ ಒಂದಾದರೂ ಕಳಿಸಕ್ಕಾ ಎಂದು ಕೇಳಿದ್ದೆಯಲ್ಲ. ಮದುವೆಯಾದಾಗಿನಿಂದ ಇವರು ಕ್ಯಾಮೆರಾದ ಹಿಂದೆಯೇ ಇರುವವರು, ನಮಗೆಲ್ಲಿಯ ಭಾಗ್ಯ? ಅದಕ್ಕೇ ನಿನ್ನೆ ರಾತ್ರಿ ಹಳೆಯ ಕೋಟೆಯ ಬಾಗಿಲ ಮುಂದೆ ನನ್ನನ್ನು ನಿಲ್ಲಿಸಿ, ಕ್ಯಾಮೆರಾವನ್ನು ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಕೂರಿಸಿ, ಗುಂಡಿ ಒತ್ತಿ, ಓಡಿ ಬಂದು ಪಕ್ಕದಲ್ಲಿ ನಿಂತರು. ಕತ್ತಲಲ್ಲಿ ಅದು ಅರ್ಧ ನಿಮಿಷ ಕಣ್ಣು ಬಿಟ್ಟುಕೊಂಡೇ ಇರುತ್ತದಂತೆ. ಮಂಡಿ ನೋವಿಗೆ ನಾನು ಕದಲಲಿಲ್ಲ, ಕಲ್ಲಿನ ಹಾಗೆ ಬಂದಿದ್ದೇನೆ. ಇವರ ಹೊಟ್ಟೆಯೊಳಗಿಂದ ಬಾಗಿಲಿನ ಮೊಳೆಗಳು ಕಾಣುತ್ತಿವೆ. ಇದೇನ್ರೀ ಎಂದರೆ, "ಅರ್ಧ ಹೊತ್ತು ಓಡ್ತಾ ಇದ್ನಲ್ಲೇ, ಅದಕ್ಕೆ ಅರ್ಧ ಬಂದಿದೀನಿ" ಅಂದರು. ಮನುಷ್ಯ ಅರ್ಧ ಬರುವುದೆಂದರೇನೋ, ನನ್ನ ತಲೆಗೆ ಹತ್ತಲಿಲ್ಲ. ನಮ್ಮೆದುರೇ ಹಾದುಹೋದ ಕಾವಲುಗಾರನಂತೂ ಫೋಟೊದಲ್ಲಿ ಇಲ್ಲವೇ ಇಲ್ಲ.

"ಇನ್ನೊಂದ್ಸಲ ತೆಗೀರಿ. ಬಂದು ನಿಂತ್ಮೇಲೆ ಅದು ಕಣ್ಣು ಬಿಡ್ಲಿ" ಎಂದೆ. ಹಾಗೆಯೇ ಮಾಡಿ ಬಂದರು. ಅವರ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಆದರೂ ಇವರ ತಲೆ ಒಮ್ಮೆ ಕೋಟೆಯ ಕಡೆಗೆ, ಒಮ್ಮೆ ಕ್ಯಾಮೆರಾದ ಕಡೆಗೆ ತಿರುಗುತ್ತಲೇ ಇತ್ತು. ಈಗ ನೋಡಿದರೆ ಮುಖವಿರಬೇಕಾದಲ್ಲಿ ಹೊಗೆಯಂಥದ್ದೇನೋ ಇದೆ. ನಾನು ಹಿಡಿದ ಕೈ ಮಾತ್ರ ಉಂಗುರದ ಸಮೇತ ಚೆನ್ನಾಗಿ ಬಂದಿದೆ.

ಮಂಡಿ ಪರವಾಗಿಲ್ಲ, ಮಾತ್ರೆ ಸಾಕಷ್ಟಿದೆ. ಎರಡನೆಯ ಫೋಟೊವನ್ನೇ ಕಳಿಸುತ್ತೇನೆ, ಗೋಡೆಗೆ ಹಾಕು. ಇವರು ಯಾರೆಂದು ಬಂದವರು ಕೇಳಿದರೆ ಆ ಕೈ ತೋರಿಸಿ, ನಮ್ಮ ಭಾವ ಎನ್ನು. ಕಾರ್ಡು ತುಂಬಿತು.

ನಿನ್ನ ಅಕ್ಕ